ಇಲ್ಲದ ರೋಗಕ್ಕೆ ಮದ್ದು. ಆದ ನಷ್ಟಕ್ಕೆ ಹೊಣೆ ಯಾರದು?

ಮಕ್ಕಳ ಮದುವೆಯ ಮಾತು ಬಂದಾಗ ನಮ್ಮ ಸಂಸಾರಗಳಲ್ಲಿ ಎರಡು ಬಗೆಯ ದನಿ ಕೇಳಿಸುವುದುಂಟು. ಒಂದು, ಹೊರಕೋಣೆಯಲ್ಲಿ ಎಲ್ಲರಿಗೂ ಕೇಳುವಂತೆ ಆಡುವ ದನಿ. ಇನ್ನೊಂದು, ಅಡಿಗೆಮನೆಯ ಕದ ಮುಂದೆ ಮಾಡಿಕೊಂಡು ಆಡುವ ದನಿ. ಅಂಬರನಾಥ, ಕಲ್ಯಾಣ, ಡೊಂಬಿವಲಿ, ಠಾಣೆ, ನವಿ ಮುಂಬಯಿಗಳಲ್ಲಿ ಹರಡಿಕೊಂಡಿರುವ ನಮ್ಮ ಕನ್ನಡ ಮನೆಗಳಲ್ಲಿ ಈ ಎರಡನೆಯ ದನಿಯಲ್ಲಿ ಮಾತ್ರ ಕೇಳಿಬರುವ ವಿಷಯವೊಂದನ್ನು ಈ ಸಲ ವಾಚಕರ ಮುಂದಿಡಬೇಕೆಂದಿದ್ದೇವೆ. ಕುಟುಂಬದ ಪತ್ರಿಕೆಯಲ್ಲಿ ಇದೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಕುಟುಂಬದಲ್ಲಿ ನಡೆಯುವ ಸಂಗತಿ ಕುಟುಂಬದ ಪತ್ರಿಕೆಗೆ ಹೊರತಾಗಲಾರದು ಎಂಬುದೇ ನಮ್ಮ ಉತ್ತರ.

ಬೆಳೆದ ಮಗ ಹೆಣ್ಣು ನೋಡಲು ಒಪ್ಪುವುದಿಲ್ಲ. ಕಾರಣ ಕೇಳಿದರೆ ಮೊದಲು ಸುಮ್ಮನಿರುತ್ತಾನೆ. ಕೊನೆಗೊಮ್ಮೆ, ತನ್ನ ಮನಸ್ಸು ಹೆಣ್ಣಿನ ಕಡೆಗೆ ಒಲಿಯುವುದಿಲ್ಲವೆಂದು ಬಾಯಿಬಿಟ್ಟು ಹೇಳುತ್ತಾನೆ. ಇನ್ನೊಂದು ಮನೆಯಲ್ಲಿ ಮಗಳು ತನ್ನ ಗೆಳತಿಯನ್ನೇ ಬಾಳಸಂಗಾತಿ ಎನ್ನುತ್ತಾಳೆ. ಮತ್ತೊಂದು ಮನೆಯಲ್ಲಿ ಗಂಡೆಂದು ಬೆಳೆಸಿದ ಮಗು ತಾನು ಹೆಣ್ಣೆಂದು ಮನಗಂಡಿರುತ್ತದೆ. ತಂದೆತಾಯಿಗಳಿಗೆ ಆಕಾಶವೇ ಕಳಚಿ ಬಿದ್ದಂತಾಗುತ್ತದೆ. ‘ಯಾರಾದರೂ ಒಳ್ಳೆಯ ಡಾಕ್ಟರಿಗೆ ತೋರಿಸೋಣ’ ಎಂಬ ಮಾತು ಹೊರಡುವುದು ಆಗಲೇ. ಈ ಸ್ವಭಾವವನ್ನು ಬದಲಾಯಿಸಿ ಕೊಡುತ್ತೇವೆಂದು ನಡೆಸುವ ಉಪಚಾರಕ್ಕೆ ‘ಪರಿವರ್ತನ ಚಿಕಿತ್ಸೆ’ ಎಂದು ಹೆಸರು. ಪತ್ರಿಕೆಗಳಲ್ಲಿ ಕನ್ವರ್ಶನ್ ಥೆರಪಿ ಎಂದು ಬರುವುದು ಇದೇ. ಎಷ್ಟೋ ಕಡೆ ಇದು ಬರಿಯ ಬುದ್ಧಿವಾದದಿಂದ ಆರಂಭವಾಗುತ್ತದೆ; ಆಮೇಲೆ ಮತ್ತು ಬರಿಸುವ ಗುಳಿಗೆ, ಹಾರ್ಮೋನಿನ ಸೂಜಿ, ವಿದ್ಯುತ್ತಿನ ಶಾಕು, ಕೋಣೆಯಲ್ಲಿ ಕೂಡಿಹಾಕುವುದು, ತಾಯಿತ, ಮಂತ್ರ, ಕೊನೆಗೆ ‘ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ’ ಎಂಬ ಉಪಾಯದವರೆಗೂ ಹೋಗುವುದುಂಟು.

ಹೀಗೆ ಮಾಡಿದ್ದರಿಂದ ಮಗುವಿಗೆ ಹಾನಿಯಾದರೆ ಅದರ ಹೊಣೆ ಯಾರದು? ನಷ್ಟಪರಿಹಾರ ಕೇಳಲು ಕಾನೂನಿನಲ್ಲಿ ಎಡೆಯಿದೆಯೆ? ಕೇಳುವವರು ಯಾರು, ಯಾರಿಂದ, ಎಲ್ಲಿ? ಇಷ್ಟನ್ನೇ ನಾವು ಇಲ್ಲಿ ವಿಚಾರಿಸಲಿದ್ದೇವೆ.

ರೋಗವೇ ಅಲ್ಲ

ಚಿಕಿತ್ಸೆ ಎಂದ ಮೇಲೆ ರೋಗವಿರಬೇಕಷ್ಟೆ. ಸಲಿಂಗ ಪ್ರೀತಿಯನ್ನು ಒಂದು ಕಾಲಕ್ಕೆ ವೈದ್ಯಶಾಸ್ತ್ರವೂ ರೋಗವೆಂದೇ ಎಣಿಸಿತ್ತು, ಇದನ್ನು ಮುಚ್ಚಿಡಬೇಕಾದುದಿಲ್ಲ. ನಮ್ಮ ಮುಂಬಯಿಯ ಮನೋವೈದ್ಯರೇ 1982ರಲ್ಲಿ, ನಡತೆ ತಿದ್ದುವ ವಿಧಾನದಿಂದ ಇದನ್ನು ಬದಲಿಸಲು ನಡೆಸಿದ ಪ್ರಯತ್ನದ ಮೇಲೆ ಭಾರತೀಯ ಮನೋವೈದ್ಯರ ನಿಯತಕಾಲಿಕೆಯಲ್ಲಿ ಲೇಖನ ಪ್ರಕಟಿಸಿದ್ದರು. ಆದರೆ ಶಾಸ್ತ್ರವೆಂಬುದು ತನ್ನನ್ನು ತಾನೇ ತಿದ್ದಿಕೊಳ್ಳುವಂಥದು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಇದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ಅದೇ ನಿರ್ಣಯಕ್ಕೆ ಬಂದಿತು. ಬದಲಾವಣೆ ಸಾಧ್ಯವೆಂದು 2003ರಲ್ಲಿ ಪ್ರಬಂಧ ಬರೆದು ಹೆಸರು ಮಾಡಿದ್ದ ಅಮೆರಿಕದ ಹಿರಿಯ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ ಅವರು, ತಮ್ಮ ತೀರ್ಮಾನಕ್ಕೆ ಆಧಾರ ಸಾಲದೆಂದು ಒಪ್ಪಿಕೊಂಡು 2012ರಲ್ಲಿ ಬಹಿರಂಗವಾಗಿ ಕ್ಷಮೆ ಬೇಡಿದರು.

ನಮ್ಮ ದೇಶದ ಮಾತನ್ನೇ ತೆಗೆದುಕೊಂಡರೂ, ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಇದು ರೋಗವಲ್ಲವೆಂದು ಸ್ಪಷ್ಟವಾಗಿ ಸಾರಿತು. ಆಗ ಸಂಘದ ಅಧ್ಯಕ್ಷರಾಗಿದ್ದವರು ಬೆಂಗಳೂರಿನ ಡಾ. ಅಜಿತ ಭಿಡೆ. ಅದಕ್ಕೂ ಮೊದಲೇ ನಮ್ಮ ಸಂಸತ್ತು ಒಂದು ಒಳ್ಳೆಯ ಕಾನೂನು ಮಾಡಿತ್ತು; ಅದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ. ಅದರ 3ನೆಯ ಕಲಮು ಹೇಳುವ ಮಾತನ್ನು ಪ್ರತಿಯೊಬ್ಬ ತಂದೆತಾಯಿ ತಿಳಿದಿರಬೇಕು. ಒಬ್ಬನಿಗೆ ಮನೋರೋಗವಿದೆಯೇ ಇಲ್ಲವೇ ಎಂಬುದನ್ನು ವೈದ್ಯಶಾಸ್ತ್ರ ಒಪ್ಪಿದ ಮಾನದಂಡಗಳಿಂದ ಮಾತ್ರ ನಿರ್ಣಯಿಸಬೇಕು; ಅವನು ತನ್ನ ಸಮಾಜದ ನೀತಿ, ರೂಢಿ, ಧರ್ಮದ ನಂಬಿಕೆಗಳಿಗೆ ಒಗ್ಗುವುದಿಲ್ಲ ಎಂಬ ಕಾರಣಕ್ಕೆ ರೋಗಿ ಎನ್ನುವಂತಿಲ್ಲ. ಎಂದರೆ, ‘ನಮ್ಮ ಜಾತಿಯವರು ಏನೆಂದಾರು’ ಎಂಬುದು ರೋಗದ ಲಕ್ಷಣವಲ್ಲ.

ನ್ಯಾಯಾಲಯಗಳು ನಡೆದ ದಾರಿ

ದಿಲ್ಲಿಯ ದೊಡ್ಡದೊಂದು ಸರಕಾರಿ ಆಸ್ಪತ್ರೆಯಲ್ಲಿ ಒಬ್ಬನಿಗೆ ಈ ಬಗೆಯ ಚಿಕಿತ್ಸೆ ನಡೆದಿದೆಯೆಂದು 2001ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಹೋಗಿತ್ತು. ದಂಡ ಸಂಹಿತೆಯ 377ನೆಯ ಕಲಮು ಈ ಸಂಬಂಧಗಳನ್ನು ಅಪರಾಧವೆಂದು ಎಣಿಸುತ್ತಿದ್ದ ಕಾಲ ಅದು. ಆಯೋಗ ಆ ದೂರನ್ನು ತಳ್ಳಿಹಾಕಿತು. ಅಪರಾಧಿಯೆನಿಸಿಕೊಂಡವನು ತನಗೆ ಅನ್ಯಾಯವಾಯಿತೆಂದು ಯಾವ ಬಾಯಿಂದ ಹೇಳಬೇಕು?

2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. ರೋಗವಲ್ಲದ್ದನ್ನು ಗುಣಪಡಿಸಹೊರಡುವುದು ಮನೋವೈದ್ಯರಿಗೆ ತಕ್ಕುದಲ್ಲವೆಂಬ ಮಾತೂ ಆ ತೀರ್ಪಿನಲ್ಲಿ ಬಂದಿದೆ. ಬಾಗಿಲು ತೆರೆದದ್ದು ಅಲ್ಲಿಂದ.

ಅನಂತರದ ಹೆಜ್ಜೆ ಮದ್ರಾಸ್ ಹೈಕೋರ್ಟಿನದು. ಮದುರೆಯಿಂದ ಚೆನ್ನೈಗೆ ಓಡಿಬಂದ ಇಬ್ಬರು ಯುವತಿಯರು ರಕ್ಷಣೆ ಬೇಡಿದ ಮೊಕದ್ದಮೆಯದು. ನ್ಯಾಯಮೂರ್ತಿ ಎನ್. ಆನಂದ ವೆಂಕಟೇಶ್ ಅವರು ಈ ವಿಷಯದಲ್ಲಿ ತಮ್ಮ ತಿಳಿವಳಿಕೆ ಸಾಲದೆಂದು ಹೇಳಿ, ತಾವೇ ಒಬ್ಬ ಮನಶ್ಶಾಸ್ತ್ರಜ್ಞೆಯ ಎದುರು ಕುಳಿತು ಪಾಠ ಕೇಳಿದರು. ಯುವತಿಯರ ತಂದೆತಾಯಿಗಳನ್ನೂ ಮಾತನಾಡಿಸಿ ಅವರ ಸಂಕಟಕ್ಕೆ ಕಿವಿಗೊಟ್ಟರು. 2021ರ ಜೂನ್ 7ರಂದು ಅವರು ಕೊಟ್ಟ ತೀರ್ಪಿನಲ್ಲಿ, ಇಂಥವರನ್ನು ‘ಗುಣಪಡಿಸುವ’ ಪ್ರಯತ್ನವನ್ನು ನಿಷೇಧಿಸಿ, ಅದರಲ್ಲಿ ತೊಡಗಿದ ವೈದ್ಯರ ಪರವಾನಿಗೆಯನ್ನು ಕಿತ್ತುಕೊಳ್ಳುವವರೆಗೂ ಕ್ರಮ ಜರುಗಿಸಬೇಕೆಂದು ಆಜ್ಞಾಪಿಸಿದರು. ಅದರ ಫಲವಾಗಿ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಆಗಸ್ಟ್ 25ರಂದು ಎಲ್ಲ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ಪತ್ರ ಬರೆದು, ಪರಿವರ್ತನ ಚಿಕಿತ್ಸೆಯು ವೃತ್ತಿಯ ದುರ್ನಡತೆ ಎಂದು ತಿಳಿಸಿತು. ಮಹಾರಾಷ್ಟ್ರದ ವೈದ್ಯರಿಗೂ ಕರ್ನಾಟಕದ ವೈದ್ಯರಿಗೂ ಇದು ಸಮನಾಗಿ ಅನ್ವಯಿಸುತ್ತದೆ. 2024ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಇನ್ನೂ ಮುಂದೆ ಹೋಗಿ, ಕೋರ್ಟುಗಳು ಕೂಡ ಆಪ್ತಸಲಹೆಯ ನೆವದಿಂದ ಯಾರ ಸ್ವಭಾವವನ್ನೂ ಬದಲಿಸಲು ಯತ್ನಿಸಕೂಡದೆಂದು ಮಾರ್ಗದರ್ಶನ ನೀಡಿತು.

ಇವೆಲ್ಲ ಬರಿಯ ಕಾಗದದ ಮಾತೆಂದು ಯಾರೂ ತಿಳಿಯಬಾರದು. ಕಾಸರಗೋಡು ಜಿಲ್ಲೆಯ 21 ವರ್ಷದ ವಿದ್ಯಾರ್ಥಿನಿಯೊಬ್ಬಳು 2020ರಲ್ಲಿ, ಮನೆಯವರು ತನ್ನನ್ನು ಚಿಕಿತ್ಸಾ ಕೇಂದ್ರಗಳಲ್ಲಿ ಇರಿಸಿದ್ದರೆಂದೂ, ಅಲ್ಲಿ ವಿಪರೀತ ಔಷಧಿ ಕೊಟ್ಟರೆಂದೂ ತಾನೇ ಹೇಳಿಕೊಂಡಿದ್ದಳು. ಅದೇ ವರ್ಷದ ಮೇ ತಿಂಗಳಿನಲ್ಲಿ ಅವಳು ಗೋವೆಯಲ್ಲಿ ತೀರಿಕೊಂಡಳು. ಆ ಬಳಿಕ ಕೇರಳದ ಸಂಘವೊಂದು ಹೈಕೋರ್ಟಿನ ಮೊರೆಹೊಕ್ಕಿತು. 2021ರ ಡಿಸೆಂಬರದಲ್ಲಿ ಆ ಕೋರ್ಟು ಈ ಬಗ್ಗೆ ಮಾರ್ಗಸೂಚಿ ರಚಿಸಬೇಕೆಂದು ಸರಕಾರಕ್ಕೆ ಸೂಚಿಸಿತು. ಅಷ್ಟರೊಳಗೆ ಒಂದು ಜೀವ ಹೋಗಿತ್ತು.

ಶಿಕ್ಷೆ ಬೇರೆ, ನಷ್ಟಪರಿಹಾರ ಬೇರೆ

ವೈದ್ಯನ ಪರವಾನಿಗೆ ಹೋಯಿತೆಂದುಕೊಳ್ಳೋಣ. ಹಾನಿಯುಂಡ ಹುಡುಗನಿಗೆ ಅದರಿಂದ ಏನು ದೊರೆಯಿತು? ಅವನ ಕಾಲೇಜಿನ ವರ್ಷ ಹೋಯಿತು, ಕೆಲಸ ಹೋಯಿತು, ನಿದ್ದೆ ಹೋಯಿತು. ಆದ ಗಾಯಕ್ಕೆ ಈಗ ನಿಜವಾದ ಚಿಕಿತ್ಸೆ ಬೇಕಾಗಿದೆ. ಇದನ್ನು ತುಂಬಿಕೊಡಿಸುವ ದಾರಿಯೇ ದಿವಾಣಿ ಹೊಣೆ. ಈಗಿನ ಮಾತಿನಲ್ಲಿ ಸಿವಿಲ್ ಹೊಣೆ. ಫೌಜದಾರಿ ಖಟ್ಲೆಯಲ್ಲಿ ಸರಕಾರ ಅಪರಾಧಿಗೆ ಶಿಕ್ಷೆ ಕೊಡಿಸುತ್ತದೆ. ದಿವಾಣಿಯಲ್ಲಿ ನೊಂದವನು ತನಗಾದ ನಷ್ಟವನ್ನು ತುಂಬಿಸಿಕೊಳ್ಳುತ್ತಾನೆ. ವೈದ್ಯನನ್ನು ಜೇಲಿಗೆ ಕಳಿಸಬೇಕಾದರೆ ಅವನ ಅಲಕ್ಷ್ಯ ಅತಿ ಘೋರವಾಗಿರಬೇಕು, ನಷ್ಟಪರಿಹಾರಕ್ಕೆ ಅಷ್ಟು ಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲಿಯೇ ವಿವರಿಸಿದೆ.

ಪರಿವರ್ತನ ಚಿಕಿತ್ಸೆಗೆಂದೇ ನಷ್ಟಪರಿಹಾರದ ಪ್ರತ್ಯೇಕ ಕಾಯಿದೆ ನಮ್ಮ ದೇಶದಲ್ಲಿಲ್ಲ. ಹಾಗೆಂದು ಕೈಕಟ್ಟಿ ಕೂಡಬೇಕಾದುದೂ ಇಲ್ಲ. ವೈದ್ಯನ ಹೊಣೆಯ ಬಗ್ಗೆ ನಮ್ಮ ಕೋರ್ಟುಗಳು ಹಾಕಿಕೊಟ್ಟ ಹಳೆಯ ಅಡಿಪಾಯ ಗಟ್ಟಿಯಾಗಿದೆ. ಅದು ನಮ್ಮ ಈ ಸೀಮೆಯ ಒಬ್ಬ ತಂದೆಯ ಮೊಕದ್ದಮೆಯಿಂದ ಬಂದದ್ದು. 1953ರ ಮೇ ತಿಂಗಳು. ರತ್ನಾಗಿರಿ ಜಿಲ್ಲೆಯ ಪಾಲಶೇತದ ಸಮುದ್ರದಂಡೆಯಲ್ಲಿ ಒಬ್ಬ ತರುಣನ ತೊಡೆಯೆಲುಬು ಮುರಿಯಿತು. ಇನ್ನೂರು ಮೈಲು ದೂರದ ಪುಣೆಗೆ ಒಯ್ದರು. ಅಲ್ಲಿ ವೈದ್ಯರು ಅರಿವಳಿಕೆ ಕೊಡದೆ, ಮಿತಿಮೀರಿದ ಬಲ ಹಾಕಿ ಕಾಲನ್ನು ಎಳೆದು ಕೂಡಿಸಿದರು. ಹುಡುಗ ಅದೇ ದಿನ ಅಸು ನೀಗಿದ. ತಂದೆ ಕೋರ್ಟಿಗೆ ಹೋದರು. 3,000 ರೂಪಾಯಿ ಪರಿಹಾರದ ತೀರ್ಪಾಯಿತು. ವೈದ್ಯರು ಮೇಲಿನ ಕೋರ್ಟುಗಳಿಗೆ ಹೋದರೂ 1968ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಹಣದ ಮೊತ್ತವಲ್ಲ ಮುಖ್ಯ. ವೈದ್ಯನಾದವನಿಗೆ ಮೂರು ಕರ್ತವ್ಯಗಳಿವೆಯೆಂದು ಆ ತೀರ್ಪು ಹೇಳಿತು: ಈ ರೋಗಿಯನ್ನು ಕೈಗೆತ್ತಿಕೊಳ್ಳಬೇಕೆ ಎಂಬುದನ್ನು ಎಚ್ಚರದಿಂದ ನಿರ್ಧರಿಸುವುದು ಒಂದು, ಯಾವ ಚಿಕಿತ್ಸೆ ಕೊಡಬೇಕೆಂಬುದನ್ನು ಎಚ್ಚರದಿಂದ ನಿರ್ಧರಿಸುವುದು ಎರಡು, ಆ ಚಿಕಿತ್ಸೆಯನ್ನು ಎಚ್ಚರದಿಂದ ನಡೆಸುವುದು ಮೂರು. ಇದರಲ್ಲಿ ಯಾವೊಂದು ತಪ್ಪಿದರೂ ರೋಗಿಗೆ ದಾವೆ ಹೂಡುವ ಹಕ್ಕು ಬರುತ್ತದೆ.

ಇದೇ ಅಳತೆಗೋಲನ್ನು ನಮ್ಮ ವಿಷಯಕ್ಕೆ ಹಿಡಿದು ನೋಡಿರಿ. ರೋಗವಿಲ್ಲದವನನ್ನು ರೋಗಿಯೆಂದು ದಾಖಲು ಮಾಡಿಕೊಂಡಲ್ಲಿಗೆ ಮೊದಲ ಕರ್ತವ್ಯ ಮುರಿಯಿತು. ಫಲವಿಲ್ಲವೆಂದು ತಿಳಿದಿರುವ ಉಪಚಾರವನ್ನು ಆರಿಸಿಕೊಂಡಲ್ಲಿಗೆ ಎರಡನೆಯದೂ ಮುರಿಯಿತು. ಮೂರನೆಯದರ ವಿಚಾರಣೆಗೆ ಇಳಿಯುವ ಮೊದಲೇ ಎರಡು ಲೋಪಗಳು ಎದ್ದು ಕಾಣುತ್ತವೆ.

ವೈದ್ಯರು ಸಾಮಾನ್ಯವಾಗಿ ಹಿಡಿಯುವ ಗುರಾಣಿ ಒಂದುಂಟು. ತಮ್ಮ ವೃತ್ತಿಯ ಜವಾಬ್ದಾರ ಬಳಗವೊಂದು ಒಪ್ಪುವ ರೀತಿಯಲ್ಲಿ ಚಿಕಿತ್ಸೆ ನಡೆಸಿದ್ದರೆ ಅದು ಅಲಕ್ಷ್ಯವಾಗದು ಎಂಬ ತತ್ತ್ವ 1957ರಲ್ಲಿ ಇಂಗ್ಲೆಂಡಿನ ಬೋಲಮ್ ಎಂಬವರ ಮೊಕದ್ದಮೆಯಲ್ಲಿ ಹುಟ್ಟಿತು. ನಮ್ಮ ಕೋರ್ಟುಗಳೂ ಅದನ್ನು ಬಳಸುತ್ತವೆ. ಆ ಮೊಕದ್ದಮೆ ಕೂಡ ವಿದ್ಯುತ್ತಿನ ಶಾಕಿನದೇ. ಸ್ನಾಯು ಸಡಿಲಿಸುವ ಔಷಧಿ ಕೊಡದೆ ಶಾಕು ಕೊಟ್ಟಾಗ ರೋಗಿಯ ಎಲುಬು ಮುರಿಯಿತು; ಅಂದಿನ ವೈದ್ಯರಲ್ಲಿ ಹಲವರು ಹಾಗೆಯೇ ಮಾಡುತ್ತಿದ್ದುದರಿಂದ ರೋಗಿ ಸೋತ. ಅಂಥ ಶಾಕನ್ನೇ ನಮ್ಮ 2017ರ ಕಾಯಿದೆಯ 95ನೆಯ ಕಲಮು ನಿಷೇಧಿಸಿದೆ. ಪರಿವರ್ತನ ಚಿಕಿತ್ಸೆ ಮಾಡುವವನಿಗೆ ಈ ಗುರಾಣಿಯೂ ಉಳಿದಿಲ್ಲ. ಮನೋವೈದ್ಯರ ಸಂಘ ರೋಗವಲ್ಲ ಎಂದಿದೆ, ವೈದ್ಯಕೀಯ ಆಯೋಗ ದುರ್ನಡತೆ ಎಂದಿದೆ. ಹೀಗಿರಲು ಅವನು ಯಾವ ಜವಾಬ್ದಾರ ಬಳಗದ ಕಡೆಗೆ ಬೆರಳು ತೋರಿಸಬೇಕು?

ಸಹಿ ಯಾರದು?

‘ತಂದೆಯೇ ಸಹಿ ಹಾಕಿದ್ದಾರಲ್ಲ’ ಎಂಬ ಉತ್ತರ ಆಸ್ಪತ್ರೆಯಿಂದ ಬರಬಹುದು. ಈ ಮಾತು ನಮ್ಮ ಸಂಸಾರಗಳಿಗೆ ಎಲ್ಲಕ್ಕಿಂತ ಹತ್ತಿರದ್ದು.

ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಮಗನಿಗೆ 23 ವರ್ಷ; ಕಾರಖಾನೆಯೊಂದರಲ್ಲಿ ನೌಕರಿ. ‘ಅಜ್ಜಿಗೆ ಮೈಯಲ್ಲಿ ಹುಷಾರಿಲ್ಲ, ಊರಿಗೆ ಹೋಗಿ ಬರೋಣ’ ಎಂದು ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಅಜ್ಜಿ ಗಟ್ಟಿಮುಟ್ಟಾಗಿಯೇ ಇದ್ದಾಳೆ. ಮರುದಿನ ಹುಡುಗನನ್ನು ಒಂದು ಚಿಕಿತ್ಸಾಲಯಕ್ಕೆ ಸೇರಿಸುತ್ತಾರೆ. ತಂದೆ ಕಾಗದಕ್ಕೆ ಸಹಿ ಹಾಕುತ್ತಾರೆ, ಸೋದರಮಾವ ಸಾಕ್ಷಿ. ಹೆತ್ತವರ ಮನಸ್ಸಿನಲ್ಲಿ ಕೇಡಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಆ ಸಹಿಗೆ ಕಾನೂನಿನಲ್ಲಿ ಬೆಲೆಯೇನು?

18 ತುಂಬಿದವನ ಮೈಮನಸ್ಸುಗಳ ಮೇಲೆ ಯಾವ ಚಿಕಿತ್ಸೆ ನಡೆಯಬೇಕಾದರೂ ಅವನ ಒಪ್ಪಿಗೆಯೇ ಬೇಕು. ಸರ್ವೋಚ್ಚ ನ್ಯಾಯಾಲಯ 2008ರ ಜನವರಿ 16ರಂದು ಕೊಟ್ಟ ಒಂದು ತೀರ್ಪು ಇದಕ್ಕೆ ಆಧಾರ. ಅದನ್ನು ಬರೆದವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಆರ್. ವಿ. ರವೀಂದ್ರನ್ ಅವರು. 44 ವರ್ಷದ ಮಹಿಳೆಯೊಬ್ಬರು ಬರಿಯ ತಪಾಸಣೆಗೆ ಒಪ್ಪಿ ಅರಿವಳಿಕೆ ತೆಗೆದುಕೊಂಡಿದ್ದರು. ಅವರು ಎಚ್ಚರ ತಪ್ಪಿ ಮಲಗಿದ್ದಾಗ, ಹೊರಗೆ ಕುಳಿತಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆದುಬಿಟ್ಟರು. ಪ್ರಾಣಾಪಾಯವಿಲ್ಲದಿರುವಾಗ ವಯಸ್ಕ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂದು ಕೋರ್ಟು ಹೇಳಿತು. ವೈದ್ಯರಿಗೆ ಫೀ ಸಲ್ಲದೆಂದಿತಲ್ಲದೆ 25,000 ರೂಪಾಯಿ ಪರಿಹಾರವನ್ನೂ ಕೊಡಿಸಿತು. ಅಲ್ಲಿ ವೈದ್ಯರು ರೋಗ ಕಂಡೇ ಚಿಕಿತ್ಸೆ ಮಾಡಿದ್ದರು. ಇಲ್ಲಿ ರೋಗವೂ ಇಲ್ಲ.

ಮನೋರೋಗದ ಆಸ್ಪತ್ರೆಗೆ ಸೇರಿಸುವ ವಿಷಯದಲ್ಲಿ ಕಾಯಿದೆ ಇನ್ನೂ ಬಿಗಿಯಾಗಿದೆ. ವಯಸ್ಕನೊಬ್ಬನನ್ನು ಅವನ ಇಚ್ಛೆಗೆ ಹೊರತಾಗಿ ಇರಿಸಿಕೊಳ್ಳಬೇಕಾದರೆ ಅವನಿಗೆ ತೀವ್ರವಾದ ಮನೋರೋಗವಿರಬೇಕು. ತನಗೋ ಇತರರಿಗೋ ಅಪಾಯ ತರುವಂತಿರಬೇಕು ಅಥವಾ ತನ್ನನ್ನು ತಾನೇ ನೋಡಿಕೊಳ್ಳಲಾರದಂತಿರಬೇಕು. ಮನೋವೈದ್ಯರೂ ಇನ್ನೊಬ್ಬ ತಜ್ಞರೂ ಬೇರೆಬೇರೆಯಾಗಿ ಪರೀಕ್ಷಿಸಿ ಹಾಗೆಂದು ಬರೆದುಕೊಡಬೇಕು. ಹೆಣ್ಣು ನೋಡಲೊಲ್ಲೆನೆಂಬುದು ಇದರಲ್ಲಿ ಯಾವುದಕ್ಕೂ ಸೇರದು. ವಯಸ್ಕ ಮಗನನ್ನು ಬಲವಂತದಿಂದ ಕೂಡಿಹಾಕಿದರೆ ಅದು ಅಕ್ರಮ ಬಂಧನವಾಗುತ್ತದೆ. ಹಾಕಿದವರು ಹೆತ್ತವರೆಂಬ ಕಾರಣಕ್ಕೆ ಕಾನೂನಿನ ಹೆಸರು ಬದಲಾಗುವುದಿಲ್ಲ. 18 ತುಂಬದ ಮಕ್ಕಳ ಪರವಾಗಿ ತಂದೆತಾಯಿಗಳು ಒಪ್ಪಿಗೆ ಕೊಡಬಹುದು, ನಿಜ. ಆದರೆ ತಪ್ಪು ಚಿಕಿತ್ಸೆಯನ್ನು ಸರಿಯಾದುದನ್ನಾಗಿ ಮಾಡುವ ಶಕ್ತಿ ಯಾರ ಸಹಿಗೂ ಇಲ್ಲ.

ಫಿರ್ಯಾದಿ ಎಲ್ಲಿ, ಹೇಗೆ?

ದಿವಾಣಿ ಕೋರ್ಟಿನ ದಾವೆ ದೀರ್ಘವಾದದ್ದು, ಕೋರ್ಟ್ ಫೀಯೂ ಇದೆ. ಸಾಮಾನ್ಯ ಸಂಸಾರಕ್ಕೆ ಹತ್ತಿರದ ದಾರಿ ಗ್ರಾಹಕ ಆಯೋಗ. ಹಣ ತೆಗೆದುಕೊಂಡು ಚಿಕಿತ್ಸೆ ಮಾಡುವುದು ಒಂದು ‘ಸೇವೆ’, ರೋಗಿ ಅದರ ಗ್ರಾಹಕ ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಮಾನಿಸಿತು. ಈಗ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಗೂ ಅದೇ ಮಾತು ಸಲ್ಲುತ್ತದೆ. ಫೀ ಕೊಟ್ಟವರು ತಂದೆಯಾದರೂ ಉಪಚಾರ ಪಡೆದ ಮಗನೂ ಗ್ರಾಹಕನೇ; ತಂದೆತಾಯಿ ಮತ್ತು ಮಗು ಇಬ್ಬರೂ ಪರಿಹಾರಕ್ಕೆ ಅರ್ಹರೆಂದು 1998ರ ಒಂದು ತೀರ್ಪಿನಲ್ಲಿ ಸ್ಪಷ್ಟವಾಗಿದೆ.

ಪರಸ್ಥಳದಲ್ಲಿರುವ ನಮಗೆ ಈ ಕಾಯಿದೆಯಲ್ಲಿ ಒಂದು ವಿಶೇಷ ಅನುಕೂಲವಿದೆ. ಚಿಕಿತ್ಸೆ ನಡೆದದ್ದು ಹುಬ್ಬಳ್ಳಿಯಲ್ಲಾಗಲಿ, ಮಂಗಳೂರಿನಲ್ಲಾಗಲಿ, ಫಿರ್ಯಾದಿಯನ್ನು ತಾನು ವಾಸಿಸುವ ಇಲ್ಲವೆ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ಕೊಡಬಹುದು. ಅಂಬರನಾಥದಲ್ಲಿರುವವನು ಲೋಕಲ್ ಗಾಡಿ ಹಿಡಿದು ಠಾಣೆಗೆ ಹೋದರೆ ಸಾಕು. ಪ್ರತಿ ತಾರೀಖಿಗೂ ಊರಿಗೆ ಓಡಬೇಕಾಗಿಲ್ಲ. ಕೊಟ್ಟ ಫೀ 5 ಲಕ್ಷ ರೂಪಾಯಿ ಮೀರದಿದ್ದರೆ ಆಯೋಗದಲ್ಲಿ ಶುಲ್ಕವಿಲ್ಲ. 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. ಆದರೆ ಒಂದು ಗಡುವು ಇದೆ: ಕಾರಣ ಒದಗಿದ ದಿನದಿಂದ ಎರಡು ವರ್ಷದೊಳಗೆ ಫಿರ್ಯಾದಿ ಕೊಡಬೇಕು. ತಡವಾದರೆ ತಕ್ಕ ಕಾರಣ ತೋರಿಸಿ ಆಯೋಗದ ಅನುಮತಿ ಪಡೆಯಬೇಕಾಗುತ್ತದೆ. ನಾಚಿಕೆಯಲ್ಲಿ ಕಳೆದ ದಿನಗಳೂ ಈ ಎರಡು ವರ್ಷದ ಲೆಕ್ಕದಲ್ಲಿಯೇ ಸೇರುತ್ತವೆ.

ಹಾನಿಯಾಯಿತೆಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಹಾನಿ ಏನು, ಅದು ಈ ಚಿಕಿತ್ಸೆಯಿಂದಲೇ ಆಯಿತೆಂಬುದಕ್ಕೆ ಆಧಾರವೇನು ಎಂದು ಕೇಳುತ್ತಾರೆ. ಔಷಧಿಯ ಚೀಟಿ, ಹಣ ಕೊಟ್ಟ ರಸೀದಿ, ಮೊಬೈಲಿನಲ್ಲಿ ಬಂದ ಸಂದೇಶ, ಜಾಹೀರಾತಿನ ಹಾಳೆ, ಯಾವುದನ್ನೂ ಎಸೆಯಬಾರದು. ತನ್ನ ಚಿಕಿತ್ಸೆಯ ದಾಖಲೆಗಳನ್ನು ಪಡೆಯುವುದು ರೋಗಿಯ ಹಕ್ಕು. ಬರೆದು ಕೇಳಿದರೆ ವೈದ್ಯರು 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಡತೆಯ 2002ರ ನಿಯಮಗಳಲ್ಲಿಯೇ ಇದೆ. ಆಮೇಲೆ ತೋರಿಸಿಕೊಂಡ ಬೇರೆ ಮನೋವೈದ್ಯರ ಅಭಿಪ್ರಾಯ ಬಹಳ ಬೆಲೆಯುಳ್ಳದ್ದು. ಕೊಟ್ಟ ಫೀ, ಅನಂತರದ ನಿಜವಾದ ಚಿಕಿತ್ಸೆಯ ಖರ್ಚು, ತಪ್ಪಿದ ಸಂಬಳ, ಅನುಭವಿಸಿದ ಮಾನಸಿಕ ಯಾತನೆ, ಇವಿಷ್ಟನ್ನೂ ಪರಿಹಾರದಲ್ಲಿ ಕೇಳಬಹುದು. ವಕೀಲರನ್ನಿಡುವ ಶಕ್ತಿಯಿಲ್ಲದವರು 15100 ಎಂಬ ನಂಬರಿಗೆ ಫೋನು ಮಾಡಿದರೆ ಕಾನೂನು ಸೇವಾ ಪ್ರಾಧಿಕಾರದವರು ದಾರಿ ತೋರಿಸುತ್ತಾರೆ. ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆಯೇ ಉಚಿತ ನೆರವು ದೊರೆಯುತ್ತದೆ.

ಇಬ್ಬರು ತಾಯಂದಿರು

ಗ್ರಾಹಕರ ಕಾಯಿದೆಯಿಂದ ಇಂಥ ಚಿಕಿತ್ಸೆಯನ್ನು ಹಿಡಿಯಬಹುದೆಂಬುದಕ್ಕೆ ಪ್ರಸಿದ್ಧವಾದ ನಿದರ್ಶನ ಅಮೆರಿಕದ ನ್ಯೂಜೆರ್ಸಿಯದು. ಅಲ್ಲಿಯ ಜೋನಾ ಎಂಬ ಯೆಹೂದಿ ಧಾರ್ಮಿಕ ಸಂಸ್ಥೆ ಹಣ ಪಡೆದು ಹುಡುಗರ ಸ್ವಭಾವ ಬದಲಿಸಿಕೊಡುತ್ತೇವೆಂದು ಹೇಳುತ್ತಿತ್ತು. 2012ರಲ್ಲಿ ಅದರ ಮೇಲೆ ದಾವೆ ಹೂಡಿದವರು ಚಿಕಿತ್ಸೆಗೆ ಹೋಗಿದ್ದ ಯುವಕರು. ಅವರ ಜೊತೆಗೆ ಇಬ್ಬರು ತಾಯಂದಿರು. ತಾಯಿಯ ಪ್ರತಿರೂಪವೆಂದು ಒಂದನ್ನು ಮುಂದಿಟ್ಟು ಅದನ್ನು ಟೆನಿಸ್ ರ್ಯಾಕೆಟ್ಟಿನಿಂದ ಬಡಿಸುವುದೂ ಆ ಚಿಕಿತ್ಸೆಯಲ್ಲಿತ್ತೆಂದು ಫಿರ್ಯಾದಿಯಲ್ಲಿ ಹೇಳಿತ್ತು. ಮಗನ ಹಿತವೆಂದು ತಾಯಿ ಹಣ ಕೊಟ್ಟದ್ದು ಇದಕ್ಕೆ!

ರೋಗವಲ್ಲದ್ದನ್ನು ರೋಗವೆಂದು ಹೇಳಿ ಸೇವೆ ಮಾರುವುದು ಗ್ರಾಹಕರಿಗೆ ಹೇಳಿದ ಸುಳ್ಳೆಂದು ನ್ಯಾಯಾಧೀಶರು ವಿಚಾರಣೆಗೆ ಮೊದಲೇ ತೀರ್ಮಾನಿಸಿದರು. 2015ರ ಜೂನ್ 25ರಂದು ಜ್ಯೂರಿಯವರು ಒಮ್ಮತದಿಂದ ಇದು ಮೋಸವೆಂದು ನಿರ್ಣಯ ಕೊಟ್ಟು, 72,400 ಡಾಲರ್ ಕೊಡಿಸಿದರು. ಆ ವರ್ಷದ ಡಿಸೆಂಬರದಲ್ಲಿ ಸಂಸ್ಥೆಯನ್ನೇ ಮುಚ್ಚಬೇಕೆಂದು ಆಜ್ಞೆಯಾಯಿತು. ಅಮೆರಿಕದ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕದು, ನಿಜ. ಆದರೆ ಅಲ್ಲಿ ವಾದ ಗೆದ್ದ ತತ್ತ್ವ, ಎಂದರೆ ಸುಳ್ಳು ಹೇಳಿ ಸೇವೆ ಮಾರಬಾರದೆಂಬುದು, ನಮ್ಮ 2019ರ ಕಾಯಿದೆಯಲ್ಲಿಯೂ ಇದೆ. ನಮ್ಮಲ್ಲಿ ತಪ್ಪುದಾರಿಗೆಳೆಯುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ.

ನಮಗೆ ಈ ಮೊಕದ್ದಮೆಯಲ್ಲಿ ಮನಮುಟ್ಟಿದ್ದು ಹಣದ ಮೊತ್ತವಲ್ಲ. ಮಗನನ್ನು ಅಲ್ಲಿಗೆ ಕಳಿಸಿದ ತಾಯಿಯೇ ಮಗನ ಪಕ್ಕದಲ್ಲಿ ಫಿರ್ಯಾದಿಯಾಗಿ ನಿಂತಳು. ಕೋರ್ಟಿನಲ್ಲಿ ಸಂಸಾರ ಎರಡು ಪಕ್ಷವಾಗಲಿಲ್ಲ, ಒಂದೇ ಪಕ್ಷವಾಯಿತು.

ವೈದ್ಯರಲ್ಲದವರು

ಬಿಳಿಯ ಕೋಟು ಹಾಕದವರ ಬಳಿಗೂ ನಮ್ಮವರು ಹೋಗುವುದುಂಟು. ವೈದ್ಯಕೀಯ ಆಯೋಗದ ಪತ್ರ ಮಂತ್ರವಾದಿಯನ್ನು ಮುಟ್ಟುವುದಿಲ್ಲ. ಅವನಿಗೆ ಬೇರೆ ಕಾನೂನಿದೆ. ಡಾ. ನರೇಂದ್ರ ದಾಭೋಲ್ಕರ್ ಅವರ ಹತ್ಯೆಯಾದ 2013ರಲ್ಲಿಯೇ ಮಹಾರಾಷ್ಟ್ರದಲ್ಲಿ ಅಮಾನುಷ ಆಚರಣೆಗಳ ವಿರುದ್ಧ ಕಾಯಿದೆಯಾಯಿತು. ಭೂತ ಬಿಡಿಸುವ ನೆವದಿಂದ ಹೊಡೆಯುವುದು, ಕಟ್ಟಿಹಾಕುವುದು ಮುಂತಾದುವಕ್ಕೆ ಆರು ತಿಂಗಳಿನಿಂದ ಏಳು ವರ್ಷದವರೆಗೆ ಶಿಕ್ಷೆಯುಂಟು. ಕರ್ನಾಟಕದಲ್ಲಿಯೂ 2017ರ ಕಾಯಿದೆ 2020ರಿಂದ ಜಾರಿಯಲ್ಲಿದೆ. ಫೀ ಪಡೆದು ಸಲಹೆ ಕೊಡುವ ಕೌನ್ಸೆಲರು ವೈದ್ಯನಲ್ಲದಿದ್ದರೂ ಸೇವೆ ಮಾರುವವನೇ. ಗ್ರಾಹಕರ ಕಾಯಿದೆಯಿಂದ ತಾನು ಹೊರಗೆಂದು ಅವನು ಹೇಳಲಾರ. ಎಷ್ಟೇ ಹೆಸರುವಾಸಿಯಾಗಿದ್ದರೂ ‘ಬದಲಾಯಿಸಿ ಕೊಡುತ್ತೇನೆ’ ಎಂದು ಭರವಸೆ ಕೊಡುವವನ ಮೆಟ್ಟಿಲಿನಿಂದ ಹಿಂದಿರುಗುವುದೇ ಲೇಸು.

ಕೋರ್ಟಿಗಿಂತ ಮೊದಲು

ಗೆದ್ದವ ಸೋತ, ಸೋತವ ಸತ್ತ ಎಂದು ಕೋರ್ಟಿನ ಬಗ್ಗೆ ನಮ್ಮ ಹಿರಿಯರ ಮಾತು. ಹಕ್ಕು ಇದೆಯೆಂದು ತಿಳಿದಿರಬೇಕು. ಆದರೆ ನಷ್ಟಪರಿಹಾರದಿಂದ ಎಲ್ಲವೂ ತುಂಬಿಬರುತ್ತದೆಂದು ಯಾರೂ ಭ್ರಮಿಸಬಾರದು. ಹೋದ ವರ್ಷವನ್ನು ಆಯೋಗ ಮರಳಿ ಕೊಡಿಸಲಾರದು. ತಂದೆಯ ಮೇಲೆ ಮಗನಿಗಿದ್ದ ವಿಶ್ವಾಸಕ್ಕೆ ಬೆಲೆ ಕಟ್ಟಿ ಹುಕುಮು ಬರೆಯುವ ನ್ಯಾಯಾಧೀಶ ಎಲ್ಲಿದ್ದಾನೆ?

ಆದುದರಿಂದ ನಮ್ಮ ಬಾಂಧವರಲ್ಲಿ ನಮ್ಮದೊಂದು ಅರಿಕೆ. ಮಗು ಬಾಯಿಬಿಟ್ಟು ಹೇಳಿದಾಗ ಕಳವಳಗೊಳ್ಳುವುದು ಸಹಜ. ಆ ಕಳವಳಕ್ಕೆ ಉಪಚಾರ ಬೇಕಾದುದು ಹೆತ್ತವರಿಗೆ. ಅದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ಸರಕಾರದ ಟೆಲಿ-ಮಾನಸ್ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದಕ್ಕೆ ಮಾರ್ಗದರ್ಶಕ. 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಫೋನು ಮಾಡಿ ಕನ್ನಡದಲ್ಲಿ ಮಾತನಾಡಬಹುದು, ಹಣ ಕೊಡಬೇಕಾದುದಿಲ್ಲ. ಮುಂಬಯಿಯಲ್ಲಿ ಇಂಥ ಮಕ್ಕಳ ತಂದೆತಾಯಿಗಳೇ ಕಟ್ಟಿಕೊಂಡ ‘ಸ್ವೀಕಾರ್’ ಎಂಬ ಬಳಗವಿದೆ. ಅದರ ನಾಲ್ಕುನೂರಕ್ಕೂ ಹೆಚ್ಚು ಪಾಲಕರು 2023ರಲ್ಲಿ ತಮ್ಮ ಮಕ್ಕಳ ಪರವಾಗಿ ದೇಶದ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಮಂಡ್ಯದಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿರುವ ನಮ್ಮವರೇ ಆದ ಶ್ರೀಧರ ರಂಗಾಯಣ್ ಅವರು ‘ಈವ್ನಿಂಗ್ ಶ್ಯಾಡೋಸ್’ ಎಂಬ ಚಲಚ್ಚಿತ್ರದಲ್ಲಿ ದಕ್ಷಿಣದ ಸಣ್ಣ ಊರಿನ ಒಬ್ಬ ತಾಯಿ ತನ್ನ ಮಗನನ್ನು ಅರಿತುಕೊಳ್ಳುವ ಕಥೆ ಹೇಳಿದ್ದಾರೆ. ಮನೆಮಂದಿ ಕೂಡಿ ನೋಡಬಹುದಾದ ಚಿತ್ರ.

ಇಷ್ಟಾಗಿಯೂ ಯಾರಾದರೂ ವೈದ್ಯರ ಬಳಿಗೆ ಹೋಗಲೇಬೇಕೆಂದಾದರೆ, ಕಾಗದಕ್ಕೆ ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿರಿ. ರೋಗದ ಹೆಸರೇನು, ಬರೆದು ಕೊಡುತ್ತೀರಾ? ಈ ಚಿಕಿತ್ಸೆಯನ್ನು ವೈದ್ಯಕೀಯ ಆಯೋಗ ಒಪ್ಪಿದೆಯೆ? ಹಾನಿಯಾದರೆ ಹೊಣೆ ನಿಮ್ಮದೆಂದು ಹೇಳುತ್ತೀರಾ? ಈ ಮೂರಕ್ಕೂ ನೇರವಾದ ಉತ್ತರ ಬಾರದಿದ್ದರೆ ಎದ್ದು ಬನ್ನಿರಿ. ನಾಲ್ಕನೆಯ ಪ್ರಶ್ನೆಯನ್ನು ಮಾತ್ರ ವೈದ್ಯರನ್ನಲ್ಲ, ಮಗುವನ್ನು ಕೇಳಬೇಕು, ಅದೂ ಮನೆಯಿಂದ ಹೊರಡುವ ಮೊದಲು: ‘ನಿನಗೆ ಇದು ಬೇಕೆ?’ ಬೇಡವೆಂದು ಅದು ಹೇಳಿದರೆ, ಆ ಮಾತಿಗೆ ಈ ದೇಶದ ಕಾನೂನಿನ ಬಲವಿದೆಯೆಂಬುದನ್ನು ಮರೆಯದಿರೋಣ.